ಬೆಳಕೆಯಿಂದ ಪಡುಕೋಣೆ, ಅಲ್ಲಿಂದ ಕೋಪನ್‌ಹೇಗನ್

ಭಟ್ಕಳ ಪೇಟೆ ಬಿಟ್ಟು ಕುಂದಾಪುರದ ಕಡೆಗೆ ಹೊರಟ ಬಸ್ಸು ಓಟ ಹಿಡಿಯುವಷ್ಟರಲ್ಲೇ ಬೆಳಕೆ ಬಂದುಬಿಡುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸಹ್ಯಾದ್ರಿ, ನಡುವೆ ಗದ್ದೆ, ತೆಂಗು, ಹೆದ್ದಾರಿ. ಉತ್ತರ ಕನ್ನಡ ಜಿಲ್ಲೆ ಇಲ್ಲಿಗೆ ಮುಗಿಯುತ್ತ ಬಂತು. ಗೊರಟೆ ದಾಟಿದರೆ ಶಿರೂರು; ಅದು ಉಡುಪಿ ಜಿಲ್ಲೆ. ಹಳಬರ ಬಾಯಲ್ಲಿ ಈ ರಸ್ತೆ ಇನ್ನೂ 'ಹದಿನೇಳು'. ಸರಕಾರದ ಕಡತದಲ್ಲಿ ಅದು 66 ಆಗಿ ವರ್ಷಗಳೇ ಕಳೆದಿವೆ.

ಈ ಸೀಮೆಯ ಶಾಲೆಗಳಲ್ಲಿ ಮಕ್ಕಳು ಆಡುವುದು ಕಬಡ್ಡಿ, ಖೊಖೊ, ವಾಲಿಬಾಲ್. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಕ್ರಿಕೆಟ್. ಇನ್ನು 'ಫಾರಿನ್' ಎಂದರೆ ಇಲ್ಲಿ ಯಾರೂ ಭೂಪಟ ಬಿಚ್ಚುವುದಿಲ್ಲ. ಫಾರಿನ್ ಎಂದರೆ ದುಬೈ. ತಪ್ಪಿದರೆ ಮಸ್ಕತ್ತು, ಸೌದಿ. ಭಟ್ಕಳದ ಎಷ್ಟೋ ಮನೆಗಳ ಮಾಡು ಗಟ್ಟಿಯಾದದ್ದು, ಎಷ್ಟೋ ಮಕ್ಕಳ ಕಾಲೇಜು ಫೀಸು ತುಂಬಿದ್ದು ಕೊಲ್ಲಿಯ ದುಡಿಮೆಯಿಂದ. ಹಾಗಿರುವಾಗ ಆಟದಲ್ಲಿ ಚುರುಕಾದ ಹುಡುಗನೊಬ್ಬ 'ನಾನು ಆಡಿಕೊಂಡೇ ಫಾರಿನ್‌ಗೆ ಹೋಗ್ತೆ' ಎಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ ಸಿಟ್ಟು. "ಆಟ ಆಡ್ಕಂಡಿರೆ ಹೊಟ್ಟೆ ತುಂಬ್ತದ್ಯ?" ಎಂಬ ಪ್ರಶ್ನೆ ಕೇಳದ ತಾಯಿ ಈ ಕರಾವಳಿಯಲ್ಲಿ ಅಪರೂಪ.

ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಇದೇ ರಸ್ತೆಯಲ್ಲಿ ಒಂದು ಗಂಟೆ ಹೋದರೆ ಸಾಕು.

ಶಿರೂರು ಕಳೆದು, ಒತ್ತಿನೆಣೆ ಗುಡ್ಡ ಇಳಿದರೆ ಬೈಂದೂರು. ಮುಂದೆ ಉಪ್ಪುಂದ, ನಾವುಂದ. ಆಮೇಲೆ ಬರುವುದು ಮರವಂತೆ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಇಲ್ಲಿ ಕಣ್ಣು ಬಿಡುತ್ತಾರೆ. ಬಲಗಡೆ ಕೈಚಾಚಿದರೆ ಅರಬ್ಬೀ ಸಮುದ್ರ, ಎಡಗಡೆ ಕೈಚಾಚಿದರೆ ಸೌಪರ್ಣಿಕಾ ಹೊಳೆ. ಎರಡರ ನಡುವೆ ಹಗ್ಗದ ಹಾಗೆ ಬಿದ್ದುಕೊಂಡಿದೆ ಹೆದ್ದಾರಿ. ಮಳೆಗಾಲದಲ್ಲಿ ಸಮುದ್ರ ರಸ್ತೆಗೇ ಬಂತೇನೋ ಎನ್ನುವಂತೆ ಅಬ್ಬರಿಸುವಾಗ ಈಚೆಯ ಹೊಳೆ ತನಗೇನೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತದೆ. ಪ್ರವಾಸಿಗರು ಸಮುದ್ರದ ಕಡೆ ಮುಖ ಮಾಡಿ ಪಟ ತೆಗೆಸಿಕೊಳ್ಳುತ್ತಾರೆ. ನೋಡಬೇಕಾದದ್ದು ಬೆನ್ನ ಹಿಂದಿದೆ. ಹೊಳೆಯ ಆಚೆ ದಡದಲ್ಲಿ, ತೆಂಗಿನ ಮರೆಯಲ್ಲಿ ಇರುವ ಊರು ಪಡುಕೋಣೆ.

ಹೆಸರು ಕೇಳಿದ ಕೂಡಲೆ ಇಂದಿನ ಹುಡುಗರು ಹಿಂದಿ ಚಿತ್ರನಟಿಯನ್ನು ನೆನೆಯುತ್ತಾರೆ. ಐವತ್ತು ದಾಟಿದವರು ಆಕೆಯ ತಂದೆಯನ್ನು. ಇನ್ನೂ ಹಿರಿಯರಾದ ಸಿನಿಮಾಪ್ರಿಯರು ಗುರುದತ್ತರನ್ನು. ಅವರ ಹುಟ್ಟುಹೆಸರಿಗೂ ಪಡುಕೋಣೆಯ ಬಾಲವೇ. ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತು ನಡೆಯುವುದು ಚಿತ್ರಾಪುರ ಸಾರಸ್ವತರ ಹಳೆಯ ರೂಢಿ. ಅವರ ಮುಖ್ಯ ಮಠ ಇರುವುದು ಭಟ್ಕಳದ ಉತ್ತರಕ್ಕೆ, ಶಿರಾಲಿಯಲ್ಲಿ. ಕಾಯ್ಕಿಣಿ, ಮುರ್ಡೇಶ್ವರ, ಬೈಲೂರು, ಮಾವಿನಕುರ್ವೆ ಇವೆಲ್ಲ ಭಟ್ಕಳ ತಾಲ್ಲೂಕಿನ ಊರುಗಳು; ಟೆಲಿಫೋನ್ ಡೈರೆಕ್ಟರಿ ಇದ್ದ ಕಾಲದಲ್ಲಿ ಮುಂಬಯಿ, ಬೆಂಗಳೂರುಗಳ ಡೈರೆಕ್ಟರಿ ತೆರೆದರೆ ಅಲ್ಲಿ ಮನುಷ್ಯರಾಗಿ ಸಿಗುತ್ತಿದ್ದವು. ಇಂಗ್ಲಿಷ್ ಕಲಿತು, ನೌಕರಿ ಹಿಡಿದು, ಒಂದೊಂದೇ ಕುಟುಂಬ ಘಟ್ಟ ಹತ್ತಿತು. ಮನೆ, ಗದ್ದೆ ಹಿಂದೆ ಉಳಿದವು. ಹೆಸರು ಮಾತ್ರ ಜೊತೆಗೆ ಹೋಯಿತು.

ಹಾಗೆ ಹೋದ ಹೆಸರುಗಳಲ್ಲಿ ಒಂದು ಬೆಂಗಳೂರಿನ ಮಲ್ಲೇಶ್ವರಕ್ಕೆ ತಲುಪಿತು.

ಮದುವೆ ಇಲ್ಲದ ದಿನಗಳು

ಪ್ರಕಾಶ್ ಪಡುಕೋಣೆ ಹುಟ್ಟಿದ್ದು ಬೆಂಗಳೂರಿನಲ್ಲಿ, 1955ರ ಜೂನ್ 10ರಂದು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವರು. ಮಗನ ಕೈಗೆ ರ‍್ಯಾಕೆಟ್ ಬಂದದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅವರು ಆಡಿದ ಜಾಗ.

ಕರಾವಳಿಯಿಂದ ಬಂದ ಸಾರಸ್ವತ ಕುಟುಂಬಗಳು ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಸ್ಥೆ ಕಟ್ಟಿಕೊಂಡಿದ್ದವು. ಅದಕ್ಕೊಂದು ಸಭಾಂಗಣ. ಮುಹೂರ್ತವಿದ್ದ ದಿನ ಅಲ್ಲಿ ಮದುವೆ. ಇಲ್ಲದ ದಿನ ಅದೇ ನೆಲ ಬ್ಯಾಡ್ಮಿಂಟನ್ ಕೋರ್ಟು. ಶಾಲೆ ಬಿಟ್ಟ ಹುಡುಗರು ಮೊದಲು ನೋಡಬೇಕಾದದ್ದು ಇವತ್ತು ಸಮಾರಂಭ ಉಂಟೋ ಇಲ್ಲವೋ ಎಂದು. ಇಲ್ಲವೆಂದರೆ ಓಟ. ಉಂಟೆಂದರೆ ಆ ದಿನದ ಅಭ್ಯಾಸಕ್ಕೆ ಎಳ್ಳುನೀರು. ದೊಡ್ಡವರಾದ ಮೇಲೂ ಪ್ರಕಾಶ್ ಈ ಕಾಯುವಿಕೆಯನ್ನು ಪ್ರೀತಿಯಿಂದಲೇ ನೆನೆದಿದ್ದಾರೆ.

ಬ್ಯಾಡ್ಮಿಂಟನ್ ಅಂಗಣದ ಉದ್ದ 44 ಅಡಿ. ಚೆನ್ನಾಗಿ ಆಡಬೇಕಾದರೆ ಅದರ ಹಿಂದೆಯೂ ಕಾಲಿಡಲು ಒಂದಿಷ್ಟು ಜಾಗ ಬೇಕು, ತಲೆಯ ಮೇಲೆ ಎತ್ತರವೂ ಬೇಕು. ಮದುವೆಗೆಂದು ಕಟ್ಟಿದ ಹಾಲ್‌ನಲ್ಲಿ ಹಿಂದೆ ಸರಿದು, ಹಾರಿ, ಸ್ಮ್ಯಾಶ್ ಬಾರಿಸುವ ಭರ್ಜರಿ ಆಟಕ್ಕೆ ಅವಕಾಶ ಕಡಿಮೆ. ಇದ್ದ ಜಾಗದಲ್ಲೇ ಷಟಲನ್ನು ಬೇಗ ಹಿಡಿದು, ಮಣಿಕಟ್ಟಿನ ಒಂದು ತಿರುವಿನಲ್ಲಿ ಎದುರಾಳಿ ಇಲ್ಲದ ಮೂಲೆಗೆ ಇಳಿಸಬೇಕು. ಮುಂದೆ ಜಗತ್ತು ಮೆಚ್ಚಿದ ಅವರ ನವಿರು ಆಟಕ್ಕೆ ಆ ಹಾಲ್‌ನ ಗೋಡೆಗಳೂ ಗುರುಗಳಾಗಿದ್ದವು ಎಂದರೆ ತಪ್ಪಾಗಲಾರದು.

1962ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದ ಏಳು ವರ್ಷದ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದ. 1971ರಲ್ಲಿ, ಹದಿನಾರರ ಪ್ರಾಯದಲ್ಲಿ, ರಾಷ್ಟ್ರೀಯ ಕಿರಿಯರ ಪ್ರಶಸ್ತಿಯ ಜೊತೆಗೆ ಹಿರಿಯರದನ್ನೂ ಎತ್ತಿಕೊಂಡ. ಅಲ್ಲಿಂದ ಸತತ ಒಂಬತ್ತು ವರ್ಷ ಹಿರಿಯರ ಪ್ರಶಸ್ತಿ ಬೇರೆಯವರ ಮನೆಗೆ ಹೋಗಲಿಲ್ಲ. 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ, 1979ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಗೆಲುವು. ಆಮೇಲೆ 1980ರ ಆ ವಸಂತ: ಡೆನ್ಮಾರ್ಕ್ ಓಪನ್, ಸ್ವೀಡನ್ ಓಪನ್, ಒಂದರ ಹಿಂದೊಂದು. ಮಾರ್ಚಿನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯದ ಲೀಮ್ ಸ್ವೀ ಕಿಂಗ್. ಹಾರಿ ಹೊಡೆವ ಸ್ಮ್ಯಾಶ್‌ಗೆ ಹೆಸರಾದವರು. ಪ್ರಕಾಶ್ ಅವರಿಗೆ ಹಾರಲು ಬೇಕಾದ ಷಟಲನ್ನೇ ಕೊಡಲಿಲ್ಲ. 15-3, 15-10. ಆಗ ಸರ್ವಿಸ್ ಮಾಡಿದವನಿಗಷ್ಟೇ ಅಂಕ ಸಿಗುತ್ತಿದ್ದ ಕಾಲ ಎಂಬುದನ್ನು ಈಗಿನ 21 ಅಂಕಗಳ ಆಟ ನೋಡುವ ಮಕ್ಕಳು ಗಮನಿಸಬೇಕು. ಆ ಪ್ರಶಸ್ತಿ ಭಾರತಕ್ಕೆ ಬಂದದ್ದು ಅದೇ ಮೊದಲು.

ಇಷ್ಟೆಲ್ಲ ಆದದ್ದು ಬೆಂಗಳೂರಿನಲ್ಲಿ ನೆಲೆ ಇಟ್ಟುಕೊಂಡೇ. ಕೈಯಲ್ಲಿ ಯೂನಿಯನ್ ಬ್ಯಾಂಕಿನ ನೌಕರಿಯೂ ಇತ್ತು. ತಂದೆತಾಯಿಗಳು ಈ ಮಾತನ್ನು ಅಡಿಗೆರೆ ಹಾಕಿ ಓದಬೇಕು: ಪ್ರಕಾಶ್ ವಿದೇಶಕ್ಕೆ ಹೊರಟದ್ದು ಗೆದ್ದ ಮೇಲೆ.

ಕತ್ತಲ ನಾಡಿನ ಬೆಳಕಿನ ಹಾಲ್‌ಗಳು

ಗೆದ್ದವನಿಗೆ ಮತ್ತೇಕೆ ವಿದೇಶ? ಉತ್ತರ ಸರಳ. ಬೆಂಗಳೂರಿನಲ್ಲಿ ಅವರಿಗೆ ಸರಿಸಾಟಿಯಾಗಿ ದಿನವೂ ಆಡುವವರು ಇರಲಿಲ್ಲ. ಒಂಬತ್ತು ವರ್ಷ ದೇಶದಲ್ಲಿ ಸೋಲದವನಿಗೆ ಅಭ್ಯಾಸದಲ್ಲಿ ಬೆವರಿಳಿಸುವವರು ಯಾರು? ದೊಡ್ಡ ಪಂದ್ಯಗಳೆಲ್ಲ ಯೂರೋಪಿನಲ್ಲಿ. ಪ್ರತಿಸಲವೂ ಇಲ್ಲಿಂದ ಹೋಗಿ, ಚಳಿಗೆ ಒಗ್ಗಿಕೊಳ್ಳುವ ಮೊದಲೇ ಅಂಗಣಕ್ಕಿಳಿಯಬೇಕು. ಜೊತೆಗೆ ಕಾಲವೂ ಬದಲಾಗುತ್ತಿತ್ತು. ಅಲ್ಲಿಯವರೆಗೆ ಹವ್ಯಾಸಿಗಳದ್ದಾಗಿದ್ದ ಬ್ಯಾಡ್ಮಿಂಟನ್ 1979ರಲ್ಲಿ 'ಓಪನ್' ಆಗಿ, ಬಹುಮಾನದ ಹಣಕ್ಕೆ ಬಾಗಿಲು ತೆರೆದಿತ್ತು. ಆಟವೇ ವೃತ್ತಿಯಾಗಬಹುದು ಎಂಬ ಮಾತು ಮೊದಲ ಸಲ ನಿಜವಾಗಿ ಕೇಳಿಸಿತು. 1980ರಲ್ಲಿ ಅವರು ಕೋಪನ್‌ಹೇಗನ್‌ಗೆ ಹೊರಟರು. ಆಗ ಪ್ರಾಯ ಇಪ್ಪತ್ತೈದು.

ಕೋಪನ್‌ಹೇಗನ್ ಭೂಮಧ್ಯರೇಖೆಯಿಂದ 55 ಡಿಗ್ರಿಗೂ ಉತ್ತರದಲ್ಲಿದೆ. ನಮ್ಮ ಭಟ್ಕಳ 14 ಡಿಗ್ರಿಯ ಆಸುಪಾಸು. ಡಿಸೆಂಬರಿನಲ್ಲಿ ಅಲ್ಲಿ ಬೆಳಗ್ಗೆ ಎಂಟೂವರೆಗೆ ಸೂರ್ಯ ಎದ್ದರೆ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಮುಳುಗಿರುತ್ತದೆ. ಹಗಲಿನ ಲೆಕ್ಕ ಏಳೇ ಗಂಟೆ. ಅದರಲ್ಲೂ ಮೋಡ, ಸಮುದ್ರದಿಂದ ಬೀಸುವ ಹಸಿ ಚಳಿಗಾಳಿ. ಜೂನ್ ತಿಂಗಳಲ್ಲಿ ಲೆಕ್ಕ ತಿರುಗಾಮುರುಗಾ: ರಾತ್ರಿ ಹತ್ತರ ಸುಮಾರಿಗೂ ಬೆಳಕು. ಕರಾವಳಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ಮನೆಯೊಳಗೆ ಕೂತು ಬೇಸತ್ತವರಿಗೆ ಡೆನ್ಮಾರ್ಕಿನವರ ಚಳಿಗಾಲದ ಕಷ್ಟ ಸ್ವಲ್ಪ ಅರ್ಥವಾದೀತು.

ಆ ಕಷ್ಟಕ್ಕೆ ಡೇನರು ಕಂಡುಕೊಂಡ ಉಪಾಯಗಳಲ್ಲಿ ಒಂದು ಬ್ಯಾಡ್ಮಿಂಟನ್. ಆಗ ಐವತ್ತು ಲಕ್ಷ ಚಿಲ್ಲರೆ ಜನಸಂಖ್ಯೆಯ ಪುಟ್ಟ ದೇಶವದು. ನಮ್ಮ ಒಂದು ದೊಡ್ಡ ನಗರದ ಜನ. ಆದರೆ ಬಡಾವಣೆಗೊಂದು ಹಾಲ್, ಹಾಲ್‌ಗೊಂದು ಕ್ಲಬ್. ಕ್ಲಬ್ ಎಂದ ಕೂಡಲೆ ಕುರ್ಚಿ, ಇಸ್ಪೀಟು ನೆನೆಯಬೇಡಿ. ಅದು ಸದಸ್ಯರೇ ವಂತಿಗೆ ಹಾಕಿ ನಡೆಸುವ ಸಂಘ. ನಮ್ಮಲ್ಲಿ ಯಕ್ಷಗಾನದ ಹವ್ಯಾಸಿ ಸಂಘಗಳು ಹೇಗೋ ಹಾಗೆ. ಊರಾಡಳಿತದವರು ಹಾಲ್ ಒದಗಿಸುತ್ತಾರೆ. ಸಂಜೆ ಮೊದಲು ಮಕ್ಕಳ ಸರದಿ, ಆಮೇಲೆ ಕೆಲಸ ಮುಗಿಸಿ ಬಂದ ದೊಡ್ಡವರದು. ಚಳಿಗಾಲವಿಡೀ ಕ್ಲಬ್ಬು ಕ್ಲಬ್ಬುಗಳ ನಡುವೆ ಲೀಗ್ ಪಂದ್ಯ. ಅಲ್ಲಿನ ಲೇನೆ ಕೊಪ್ಪೆನ್ 1977ರಲ್ಲಿ ವಿಶ್ವ ಚಾಂಪಿಯನ್ ಆದವರು, 1979 ಮತ್ತು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು, ಓದಿದ್ದು ದಂತವೈದ್ಯಕೀಯ! ಆಟವೋ ಓದೋ ಎಂದು ಮಕ್ಕಳನ್ನು ನಿಲ್ಲಿಸಿ ಕೇಳುವ ಅಭ್ಯಾಸ ಆ ಊರಲ್ಲಿ ಅಷ್ಟಾಗಿ ಇರಲಿಲ್ಲವೆಂದು ಕಾಣುತ್ತದೆ.

ಪ್ರಕಾಶ್ ಸೇರಿದ್ದು ಕೋಪನ್‌ಹೇಗನ್ನಿನ ಅಂಚಿನ ವಿದೋವ್ರೆ ಎಂಬ ಉಪನಗರದ ಕ್ಲಬ್. ಮೊರ್ಟೆನ್ ಫ್ರಾಸ್ಟ್ ಎಂಬ ಡೇನ್ ತರುಣ ಅವರ ಅಭ್ಯಾಸದ ಜೊತೆಗಾರ, ಗೆಳೆಯ. ಮುಂದೆ ಇದೇ ಫ್ರಾಸ್ಟ್ ಆಲ್ ಇಂಗ್ಲೆಂಡನ್ನು ನಾಲ್ಕು ಸಲ ಗೆದ್ದರು. ಸಂಜೆ ಒಟ್ಟಿಗೆ ಆಡಿ, ವಾರಾಂತ್ಯದ ಪಂದ್ಯದಲ್ಲಿ ಎದುರುಬದಿರು ನಿಂತು, ಮತ್ತೆ ಸೋಮವಾರ ಒಟ್ಟಿಗೆ ಆಡುವುದು! ವೃತ್ತಿಪರ ಆಟಗಾರನ ಬದುಕು ಎಂದರೆ ಹೆಚ್ಚಿನ ಪಾಲು ಇದೇ. ಟಿವಿಯಲ್ಲಿ ಕಾಣುವ ಚಪ್ಪಾಳೆ ವರ್ಷಕ್ಕೆ ಹತ್ತಿಪ್ಪತ್ತು ದಿನದ್ದು. ಉಳಿದ ದಿನಗಳಲ್ಲಿ ಅದೇ ಹಾಲ್, ಅದೇ ಗೆರೆಗಳು, ಹದಿನಾರು ಗರಿಗಳ ಅದೇ ಷಟಲ್.

ಫಲ ಸಿಕ್ಕಿತು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ವಿರುದ್ಧ 15-0, 18-16 ಗೆಲುವು. ಎರಡು ಗೇಮ್‌ಗಳ ಅಂಕ ಅಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಪಂದ್ಯದ್ದೆಂದು ನಂಬುವುದು ಕಷ್ಟ. ಅದೇ ವರ್ಷ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಲೀಮ್ ಸ್ವೀ ಕಿಂಗ್ ಸೇಡು ತೀರಿಸಿಕೊಂಡರು. 1983ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ವಿದೋವ್ರೆಯ ಪಕ್ಕದ ಬ್ರೋಂಡ್‌ಬೂ ಹಾಲ್‌ನಲ್ಲಿ. ಅಲ್ಲಿ ಪ್ರಕಾಶ್‌ಗೆ ಕಂಚು. ಅವರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ ಇಚುಕ್ ಸುಗಿಯಾರ್ತೊ ಅವರೇ ಚಾಂಪಿಯನ್ ಆದರು. ಎಲ್ಲ ಗೆದ್ದರು ಎಂದು ಹೇಳುವ ಕಥೆ ಇದಲ್ಲ. ಆಡಬೇಕಾದವರ ಜೊತೆ ಆಡಲು ಆರು ವರ್ಷ ಸಿಕ್ಕಿತು, ಅದೇ ಸಂಪಾದನೆ.

ಅಲ್ಲಿಯೇ 1986ರ ಜನವರಿ 5ರಂದು ಹಿರಿಯ ಮಗಳು ದೀಪಿಕಾ ಹುಟ್ಟಿದ್ದು. ಜನ್ಮಸ್ಥಳ ಕೋಪನ್‌ಹೇಗನ್, ಹೆಸರಿನ ಬಾಲದಲ್ಲಿ ಸೌಪರ್ಣಿಕಾ ದಡದ ಹಳ್ಳಿ! ಮಗುವಿಗೆ ವರ್ಷ ತುಂಬುವ ಮೊದಲೇ ಕುಟುಂಬ ಬೆಂಗಳೂರಿಗೆ ಮರಳಿತು.

ಹದಿನಾಲ್ಕರ ಪಯಣ

ಈಗಿನ ಮಕ್ಕಳು ಕೇಳುವುದು ಬೇರೆ. ಮೊಬೈಲಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ನೋಡಿ ಬೆಳೆದವರಿಗೆ ಎನ್‌ಬಿಎ ಎಂಬ ಮೂರಕ್ಷರವೇ ಸ್ವರ್ಗ. ಆ ದಾರಿ ಹಿಡಿದ ಪಂಜಾಬಿನ ಸತ್ನಾಂ ಸಿಂಗ್ ಅವರ ಕಥೆಯನ್ನು ಪ್ರಕಾಶರ ಕಥೆಯ ಪಕ್ಕ ಇಟ್ಟು ಓದಬೇಕು. ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ. (ಬೆಳಕೆ, ಬಲ್ಲೋ ಕೆ! ಹೆಸರುಗಳ ಈ ನೆಂಟಸ್ತನ ಬರೀ ಕಾಕತಾಳೀಯ.) ಎತ್ತರ ಏಳಡಿ ಎರಡಂಗುಲ. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ ವಿದ್ಯಾರ್ಥಿವೇತನ ಪಡೆದು ಫ್ಲಾರಿಡಾದ ಬ್ರಾಡೆಂಟನ್‌ನಲ್ಲಿರುವ ಐಎಂಜಿ ಅಕಾಡೆಮಿ ಸೇರಿದಾಗ ವಯಸ್ಸು ಹದಿನಾಲ್ಕು.

ಅಲ್ಲಿ ಚೆಂಡು ಅಡ್ಡಿಯಾಗಲಿಲ್ಲ, ಇಂಗ್ಲಿಷ್ ಅಡ್ಡಿಯಾಯಿತು. ಅಮೆರಿಕದಲ್ಲಿ ಆಟಗಾರ ಮಾಗುವುದು ಕಾಲೇಜು ತಂಡಗಳಲ್ಲಿ; ಕಾಲೇಜು ತಂಡಕ್ಕೆ ಸೇರಬೇಕಾದರೆ ಅಂಕಪಟ್ಟಿ ಬೇಕು, ಪ್ರವೇಶ ಪರೀಕ್ಷೆ ಬೇಕು. ಆ ಬಾಗಿಲು ಅವರಿಗೆ ತೆರೆಯಲಿಲ್ಲ. ಕಾಲೇಜು ಮೆಟ್ಟಿಲು ಹತ್ತದೆ ನೇರವಾಗಿ ಎನ್‌ಬಿಎ ಆಯ್ಕೆಗೆ ಹೆಸರು ಕೊಟ್ಟರು. 2015ರ ಜೂನ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯ ಆಯ್ಕೆಯಾಗಿ ಅವರನ್ನು ಆರಿಸಿತು. ಭಾರತದಿಂದ ಹೋದವರಲ್ಲಿ ಅವರೇ ಮೊದಲಿಗರು. ಊರಲ್ಲಿ ಹಬ್ಬ, ಪತ್ರಿಕೆಗಳ ತುಂಬ ಚಿತ್ರ. ಆದರೆ ಡಲ್ಲಾಸ್ ಪರವಾಗಿ ಎನ್‌ಬಿಎ ಲೀಗ್‌ನ ಒಂದು ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. ಕೆಳಗಿನ ಲೀಗ್‌ನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಋತು, ಅದರಲ್ಲೂ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಆಮೇಲೆ ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಒಂದು ಋತು. 2021ರಲ್ಲಿ ಅವರು ಅಮೆರಿಕದ ವೃತ್ತಿ ಕುಸ್ತಿಯ ಕಂಪನಿಯೊಂದನ್ನು ಸೇರಿದರು.

ಇದನ್ನು ಸೋಲು ಎನ್ನುವವರು ಬಲ್ಲೋ ಕೆಯ ಹೊಲದಿಂದ ಡಲ್ಲಾಸ್‌ಗೆ ಎಷ್ಟು ದೂರವೆಂದು ಒಮ್ಮೆ ಅಳೆದು ನೋಡಲಿ. ಸತ್ನಾಂ ಅವರ ಕಾಲಿಗೆ ತೊಡರಿದ್ದು ಆಟವಲ್ಲ, ಸಣ್ಣಂದಿನಲ್ಲಿ ಹಿಂದೆ ಬಿದ್ದ ಓದು. ಬೆಂಗಳೂರಿನ ಸಂಜನಾ ರಮೇಶ್ ಅದೇ ಬಾಸ್ಕೆಟ್‌ಬಾಲ್ ಹಿಡಿದು ಮತ್ತೊಂದು ಬಾಗಿಲಿನಿಂದ ಒಳಹೋದರು. ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿ, ಅಲ್ಲಿನ ಮಹಿಳಾ ತಂಡಕ್ಕೆ ಆಡಿದರು. ಆ ವಿಶ್ವವಿದ್ಯಾಲಯವಿರುವ ಫ್ಲ್ಯಾಗ್‌ಸ್ಟಾಫ್ ಊರು ಸಮುದ್ರಮಟ್ಟದಿಂದ ಸುಮಾರು ಏಳು ಸಾವಿರ ಅಡಿ ಮೇಲೆ, ಪೈನ್ ಕಾಡಿನ ನಡುವೆ. ಅರಿಜೋನಾ ಎಂದರೆ ಮರಳುಗಾಡು ಎಂದುಕೊಂಡವರಿಗೆ ಅಲ್ಲಿ ಬೀಳುವ ಹಿಮ ಬೆರಗು ತಂದೀತು. ಇಂಥ ಸೀಟು ಸಿಗಬೇಕಾದರೆ ಚೆಂಡಿನಷ್ಟೇ ಮುಖ್ಯ ಹೈಸ್ಕೂಲಿನ ಅಂಕಪಟ್ಟಿ. ಆಟಕ್ಕಾಗಿ ಒಂಬತ್ತನೇ ಕ್ಲಾಸಿನಲ್ಲೇ ಪುಸ್ತಕ ಕಟ್ಟಿಡುವ ಮನೆಗಳಿಗೆ ಈ ವಿಷಯ ತಡವಾಗಿ ತಿಳಿಯುತ್ತದೆ.

ಮರಳಿ ಬಂದ ದಾರಿ

ಡೆನ್ಮಾರ್ಕಿನಿಂದ ಪ್ರಕಾಶ್ ತಂದದ್ದರಲ್ಲಿ ಕಪ್‌ಗಳಿಗಿಂತ ಬೆಲೆಬಾಳುವ ವಸ್ತು ಒಂದಿತ್ತು: ಅಭ್ಯಾಸ ಎಂದರೆ ಹೇಗಿರಬೇಕೆಂಬ ತಿಳಿವಳಿಕೆ. 1991ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ, 1994ರಲ್ಲಿ ವಿಮಲ್ ಕುಮಾರ್ ಮುಂತಾದವರ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಸರಿಸಾಟಿಯ ಜೊತೆಗಾರರನ್ನು ಹುಡುಕಿಕೊಂಡು ಮುಂದಿನ ಹುಡುಗರು ಸಮುದ್ರ ದಾಟಬೇಕಾಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಇಪ್ಪತ್ತೊಂದು ವರ್ಷದ ನಂತರ ಆ ಪ್ರಶಸ್ತಿ ಮತ್ತೆ ಭಾರತಕ್ಕೆ ಬಂದಿತ್ತು.

ಉತ್ತರಾಖಂಡದ ಅಲ್ಮೋರಾದಿಂದ ಹುಡುಗನಾಗಿಯೇ ಅದೇ ಅಕಾಡೆಮಿಗೆ ಬಂದು ಬೆಳೆದವರು ಲಕ್ಷ್ಯ ಸೇನ್. 2021ರಲ್ಲಿ ಅವರಿಗೊಂದು ಕರೆ ಬಂತು. ಕರೆದವರು ಡೆನ್ಮಾರ್ಕಿನ ಒಲಿಂಪಿಕ್ ಚಾಂಪಿಯನ್ ವಿಕ್ಟರ್ ಆಕ್ಸೆಲ್ಸನ್. ಜೊತೆಯಲ್ಲಿ ಕೆಲವು ದಿನ ಅಭ್ಯಾಸ ಮಾಡೋಣ ಬಾ ಎಂದು. ಆದರೆ ಕರೆದದ್ದು ಕೋಪನ್‌ಹೇಗನ್‌ಗಲ್ಲ. ಆಕ್ಸೆಲ್ಸನ್ ಆಗಷ್ಟೇ ಚಳಿ ನಾಡು ಬಿಟ್ಟು ಮನೆ ಬದಲಿಸಿದ್ದರು. ಲಕ್ಷ್ಯ ಹೋದರು, ಆಡಿದರು. ಮರುವರ್ಷ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇವರಿಬ್ಬರೇ ಎದುರುಬದಿರಾದರು. ಆಕ್ಸೆಲ್ಸನ್ 21-10, 21-15ರಿಂದ ಗೆದ್ದರು. ಅಭ್ಯಾಸಕ್ಕೆಂದು ಬೆಂಗಳೂರಿನ ಹುಡುಗ ಡೇನ್ ಆಟಗಾರನನ್ನು ಹುಡುಕಿಕೊಂಡು ಹೋದ ಆ ಊರು ಯಾವುದೆಂದು ಬೆಳಕೆಯ ಯಾವ ಮನೆಯಲ್ಲಿ ಕೇಳಿದರೂ ಗೊತ್ತು. ಅಲ್ಲಿ ಅವರ ಚಿಕ್ಕಪ್ಪನೋ ಭಾವನೋ ಇದ್ದಾರೆ. ಅದು ದುಬೈ.